ಅಡಾಪ್ಟೆಡ್ ಫಿಸಿಕಲ್ ಎಜುಕೇಷನ್‌ನಲ್ಲಿ ಡಾಕ್ಟರೇಟ್: ಯಾವ ದಾರಿ ಯಾರಿಗೆ?

ಪಿ.ಟಿ. ಪೀರಿಯಡ್ ನಡೆಯುತ್ತಿದೆ. ವೀಲ್‌ಚೇರಿನ ಹುಡುಗನಿಗೆ ಸ್ಕೋರ್ ಬರೆಯುವ ಕೆಲಸ ಕೊಟ್ಟಿದ್ದಾರೆ. ಕಣ್ಣು ಕಾಣದ ಹುಡುಗಿಯನ್ನು ಲೈಬ್ರರಿಗೆ ಕಳಿಸಿದ್ದಾರೆ. ಆಟಿಸಂ ಇರುವ ಮಗು ಸೀಟಿಯ ಸದ್ದು ತಡೆಯಲಾರದೆ ಮೂಲೆಯಲ್ಲಿ ಕಿವಿ ಮುಚ್ಚಿ ಕೂತಿದೆ. ಅಡಾಪ್ಟೆಡ್ ಫಿಸಿಕಲ್ ಎಜುಕೇಷನ್ ಕಡೆಗೆ ಬರುವವರಲ್ಲಿ ಬಹಳ ಜನ ಇಂಥದ್ದೇನಾದರೂ ಕಣ್ಣಾರೆ ಕಂಡವರು. ಚೆಂಡಿಗೆ ಗೆಜ್ಜೆ ಕಟ್ಟಿದರೆ ಆ ಹುಡುಗಿಯೂ ಆಡಬಲ್ಲಳು. ನಿಯಮ ಸ್ವಲ್ಪ ಬದಲಿಸಿದರೆ ಆ ಹುಡುಗನೂ ಅಂಕಣದ ಒಳಗಿರುತ್ತಾನೆ. ಮಗುವಿಗೆ ತಕ್ಕ ಹಾಗೆ ಆಟವನ್ನು ಬದಲಿಸಬೇಕು, ಮಗುವನ್ನು ಆಟದಿಂದ ಹೊರಗಿಡಬಾರದು. ಈ ವಿಷಯದ ತಿರುಳು ಇಷ್ಟೇ.

ಇದರಲ್ಲೇ ಡಾಕ್ಟರೇಟ್ ಮಾಡಬೇಕು ಅನ್ನುವ ಯೋಚನೆ ಬಂದವರು ಸಾಮಾನ್ಯವಾಗಿ ಮೊದಲು ಹುಡುಕುವುದು ಯೂನಿವರ್ಸಿಟಿಗಳ ಪಟ್ಟಿಯನ್ನು. ಅದು ಕೊನೆಗೆ ಮಾಡಬೇಕಾದ ಕೆಲಸ. ಓದು ಮುಗಿದು ಎರಡು ವರ್ಷವಾದ ಮೇಲೆ, ಒಂದು ಮಾಮೂಲಿ ಮಂಗಳವಾರ ನೀವು ಏನು ಮಾಡುತ್ತಿರಬೇಕು? ಜಿಮ್ಮಿನಲ್ಲಿ ಮಕ್ಕಳ ಜೊತೆ ಇರಬೇಕಾ, ಮುಂದಿನ ಟೀಚರ್‌ಗಳಿಗೆ ಪಾಠ ಮಾಡಬೇಕಾ, ಜಿಲ್ಲೆಯ ಕಚೇರಿಯಲ್ಲಿ ಕಾರ್ಯಕ್ರಮ ನಡೆಸಬೇಕಾ, ಲ್ಯಾಬಿನಲ್ಲಿ ವಿಡಿಯೋ ನೋಡಿ ಅಂಕ ಹಾಕಬೇಕಾ? ಈ ನಾಲ್ಕಕ್ಕೂ ದಾರಿ ಬೇರೆ ಬೇರೆ. ಒಂದಕ್ಕಂತೂ ಡಾಕ್ಟರೇಟೇ ಬೇಡ.

ಮೊದಲು, ಬೇಕಾ ಬೇಡವಾ?

ಮಕ್ಕಳ ಜೊತೆಗೇ ಇರಬೇಕು ಅನ್ನುವವರು ಇಲ್ಲೇ ನಿಂತು ಯೋಚಿಸಿ. ಡಾಕ್ಟರೇಟ್ ನಿಮ್ಮನ್ನು ಮಕ್ಕಳ ಹತ್ತಿರಕ್ಕೆ ಕರೆದೊಯ್ಯುವುದಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ದೂರವೇ ಮಾಡುತ್ತದೆ. ವಾರಕ್ಕೆ ಮೂವತ್ತು ಮಕ್ಕಳನ್ನು ನೋಡುತ್ತಿದ್ದವರು ವರ್ಷಕ್ಕೆ ಮೂವತ್ತು ಪೇಪರ್ ತಿದ್ದುವವರಾಗುತ್ತಾರೆ.

ಶಾಲೆಯಲ್ಲಿ ಈ ಕೆಲಸ ಚೆನ್ನಾಗಿ ಮಾಡಲು ಬೇಕಾದ್ದು ಟೀಚಿಂಗ್ ಲೈಸೆನ್ಸ್, ಈ ವಿಷಯದ ಕೋರ್ಸ್‌ಗಳು, ಜೊತೆಗೆ ಅನುಭವ. ಅಮೆರಿಕದಲ್ಲಿ ಇದಕ್ಕೆ ರಾಷ್ಟ್ರಮಟ್ಟದ ಒಂದು ಪರೀಕ್ಷೆಯೂ ಇದೆ. ಪಾಸಾದವರು ಹೆಸರಿನ ಮುಂದೆ ಸಿ.ಎ.ಪಿ.ಇ. (ಸರ್ಟಿಫೈಡ್ ಅಡಾಪ್ಟೆಡ್ ಫಿಸಿಕಲ್ ಎಜುಕೇಟರ್) ಅಂತ ಹಾಕಿಕೊಳ್ಳಬಹುದು. ಅದರ ಹಿಂದೆ 15 ಮಾನದಂಡಗಳಿವೆ: ಮಗುವಿನ ಬೆಳವಣಿಗೆ, ಚಲನೆಯ ಕಲಿಕೆ, ಅಳೆಯುವ ವಿಧಾನ, ಪಾಠದ ಯೋಜನೆ ಹೀಗೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪ್ರತ್ಯೇಕ ಪರವಾನಗಿಯೂ ಬೇಕು. ಪಿಎಚ್.ಡಿ. ಇದ್ದ ಮಾತ್ರಕ್ಕೆ ಈ ಲೈಸೆನ್ಸ್ ತಾನಾಗಿ ಬರುವುದಿಲ್ಲ. ಡಾಕ್ಟರ್ ಅನ್ನಿಸಿಕೊಂಡವರೂ ಲೈಸೆನ್ಸ್ ಇಲ್ಲದಿದ್ದರೆ ಸರ್ಕಾರಿ ಶಾಲೆಯ ಕೆಲಸಕ್ಕೆ ಅರ್ಹರಲ್ಲ. ತಮಾಷೆ ಅನ್ನಿಸಬಹುದು, ಆದರೆ ಪರಿಸ್ಥಿತಿ ಹಾಗೇ ಇದೆ.

ಹಾಗಾಗಿ ಮಕ್ಕಳ ಜೊತೆಗೇ ಇರುವ ಆಸೆಯವರಿಗೆ ಮಾಸ್ಟರ್ಸ್ ಸಾಕು. ಒಂದೂವರೆ ಎರಡು ವರ್ಷದಲ್ಲಿ ಮುಗಿಯುತ್ತದೆ. ಡಾಕ್ಟರೇಟ್ ಇರುವುದು ಬೇರೆ ಕೆಲಸಕ್ಕೆ: ಟೀಚರ್‌ಗಳನ್ನು ತಯಾರು ಮಾಡುವವರಿಗೆ, ಸಂಶೋಧನೆ ಮಾಡುವವರಿಗೆ, ನೀತಿ ರೂಪಿಸುವ ಜಾಗದಲ್ಲಿ ಕೂರುವವರಿಗೆ.

ಈ ಕ್ಷೇತ್ರ ಅಮೆರಿಕದಲ್ಲೇ ಯಾಕೆ ಇಷ್ಟು ಬೇರೂರಿದೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹಣದ ವಿಷಯಕ್ಕೆ ಬೇಕಾಗುತ್ತದೆ. 1975ರಲ್ಲಿ ಅಲ್ಲಿ ಅಂಗವೈಕಲ್ಯ ಇರುವ ಎಲ್ಲ ಮಕ್ಕಳಿಗೂ ಶಿಕ್ಷಣದ ಹಕ್ಕು ಕೊಟ್ಟ ಕಾನೂನು ಬಂತು. ಈಗ ಅದನ್ನು ಐಡಿಯಾ ಕಾಯ್ದೆ ಎನ್ನುತ್ತಾರೆ. ವಿಶೇಷ ಶಿಕ್ಷಣ ಎಂದರೇನು ಎಂದು ಆ ಕಾನೂನು ವಿವರಿಸುವಾಗ ಹೆಸರು ಹಿಡಿದು ಸೇರಿಸಿದ ಒಂದೇ ಪಠ್ಯ ವಿಷಯ ದೈಹಿಕ ಶಿಕ್ಷಣ. ಗಣಿತದ ಹೆಸರಿಲ್ಲ, ವಿಜ್ಞಾನದ್ದೂ ಇಲ್ಲ. ಅಂದರೆ ಇದು ಫಿಸಿಯೋಥೆರಪಿಯಂಥ ಪೂರಕ ಸೇವೆ ಅಲ್ಲ, ಮಗುವಿಗೆ ನೇರವಾಗಿ ಸಿಗಬೇಕಾದ ಪಾಠ. ಕಾನೂನು ಬಂದ ಮೇಲೆ ಟೀಚರ್ ಬೇಕಾಯಿತು. ಟೀಚರ್‌ಗೆ ಕಲಿಸುವವರು ಬೇಕಾಯಿತು. ಅವರನ್ನು ತಯಾರು ಮಾಡಲು ಕೇಂದ್ರ ಸರ್ಕಾರ ಯೂನಿವರ್ಸಿಟಿಗಳಿಗೆ ಗ್ರಾಂಟ್ ಕೊಡುತ್ತಾ ಬಂತು.

ಪಿಎಚ್.ಡಿ.ನಾ, ಎಡ್.ಡಿ.ನಾ?

ಎಡ್.ಡಿ. ಎಂದರೆ ಡಾಕ್ಟರ್ ಆಫ್ ಎಜುಕೇಷನ್. ಎರಡೂ ಡಾಕ್ಟರೇಟೇ. ಎರಡರಲ್ಲೂ ಹೆಸರಿನ ಹಿಂದೆ ಡಾಕ್ಟರ್ ಬರುತ್ತದೆ. ಪಿಎಚ್.ಡಿ. ಹೊಸ ಜ್ಞಾನ ಹುಡುಕುವವರಿಗೆ, ಎಡ್.ಡಿ. ಇರುವ ಜ್ಞಾನವನ್ನು ಕೆಲಸದ ಜಾಗದಲ್ಲಿ ಬಳಸುವವರಿಗೆ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಒಂದು ಉದಾಹರಣೆ ನೋಡಿ. ಪ್ರಶ್ನೆ ಒಂದೇ: ಆಟಿಸಂ ಇರುವ ಮಕ್ಕಳು ಪಿ.ಟಿ. ಕ್ಲಾಸಿನಲ್ಲಿ ಯಾಕೆ ಸುಮ್ನೆ ನಿಂತಿರುತ್ತಾರೆ? ಪಿಎಚ್.ಡಿ. ವಿದ್ಯಾರ್ಥಿ ಚಿತ್ರ ತೋರಿಸಿ ಹೇಳಿಕೊಡುವುದು, ಬರೀ ಮಾತಿನಲ್ಲಿ ಹೇಳುವುದು, ಈ ಎರಡನ್ನೂ ಅಳತೆ ಇಟ್ಟು ಹೋಲಿಸುತ್ತಾನೆ. ಫಲಿತಾಂಶ ಬೇರೆ ಊರಿಗೂ ಹೊಂದಬೇಕು ಎಂಬುದು ಅವನ ತಲೆನೋವು. ಎಡ್.ಡಿ. ವಿದ್ಯಾರ್ಥಿನಿ ತಾನು ಕೆಲಸ ಮಾಡುವ ಶಾಲೆಗಳಲ್ಲೇ ಟೀಚರ್‌ಗಳಿಗೆ ತರಬೇತಿ ಕೊಟ್ಟು, ವರ್ಷದ ಕೊನೆಗೆ ಏನು ಬದಲಾಯಿತು ಅಂತ ನೋಡುತ್ತಾಳೆ. ತನ್ನ ಜಿಲ್ಲೆ ಸುಧಾರಿಸಿದರೆ ಅವಳ ಕೆಲಸ ಗೆದ್ದಂತೆ.

ಎಡ್.ಡಿ. ಎಂದರೆ ಸುಲಭದ ಡಿಗ್ರಿ ಅಂತ ಒಂದು ಮಾತಿದೆ. ಪೂರ್ತಿ ಸರಿಯಲ್ಲ. ಎರಡರ ನಡುವಿನ ಗೆರೆ ಮಸುಕಾಗಿದೆ ಎಂದು ಗೊತ್ತಾಗಿಯೇ 2007ರಲ್ಲಿ ಅಮೆರಿಕದ ಹಲವು ಯೂನಿವರ್ಸಿಟಿಗಳು ಕಾರ್ನೆಗಿ ಪ್ರತಿಷ್ಠಾನದ ಯೋಜನೆಯೊಂದರಲ್ಲಿ ಸೇರಿ ಎಡ್.ಡಿ.ಯನ್ನು ಹೊಸದಾಗಿ ರೂಪಿಸಲು ಹೊರಟವು. ಈಗ ಒಳ್ಳೆಯ ಎಡ್.ಡಿ. ಕಾರ್ಯಕ್ರಮದಲ್ಲಿ ಥೀಸಿಸ್ಸೇ ಬೇರೆ ಥರ ಇರುತ್ತದೆ, ಕೆಲಸದ ಜಾಗದ ಒಂದು ನಿಜವಾದ ಸಮಸ್ಯೆಯ ಸುತ್ತ. ಆದರೆ ನೇಮಕಾತಿ ಮಾಡುವವರ ಮನಸ್ಸು ಇಷ್ಟು ಬೇಗ ಬದಲಾಗಿಲ್ಲ. ಸಂಶೋಧನೆಗೆ ಹೆಸರಾದ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗುವ ಆಸೆ ಇದ್ದರೆ ಪಿಎಚ್.ಡಿ. ಮಾಡಿ, ಎರಡು ಮಾತಿಲ್ಲ. ಪಾಠಕ್ಕೆ ಹೆಚ್ಚು ಒತ್ತು ಕೊಡುವ ಕಾಲೇಜು, ಶಾಲಾ ಜಿಲ್ಲೆಯ ಆಡಳಿತ, ಸಂಸ್ಥೆಗಳ ಕಾರ್ಯಕ್ರಮ ಇವಕ್ಕೆ ಎಡ್.ಡಿ. ಸಾಕು. ಕೈಯಲ್ಲಿರುವ ಕೆಲಸ ಬಿಡಲು ಆಗದವರಿಗೆ ಅದೇ ಅನುಕೂಲ ಕೂಡ.

ಯಾವ ಮನೆಯ ಮಗು?

ಅಡಾಪ್ಟೆಡ್ ಫಿಸಿಕಲ್ ಎಜುಕೇಷನ್ ಎಂಬ ಹೆಸರಿನ ವಿಭಾಗ ಹುಡುಕಿದರೆ ಸಿಗುವುದು ಕಷ್ಟ. ಇದು ಸಾಮಾನ್ಯವಾಗಿ ಇನ್ನೊಂದು ವಿಭಾಗದ ಮನೆಯಲ್ಲಿ ಒಂದು ಕೋಣೆ ಹಿಡಿದು ಕೂತಿರುತ್ತದೆ. ಆ ಮನೆ ಯಾವುದು ಎನ್ನುವುದರ ಮೇಲೆ ನಿಮ್ಮ ಓದಿನ ಸ್ವರೂಪವೇ ಬದಲಾಗುತ್ತದೆ.

ಹೆಚ್ಚಾಗಿ ಸಿಗುವುದು ಕಿನಿಸಿಯಾಲಜಿ, ಅಂದರೆ ಚಲನೆಯನ್ನು ಓದುವ ವಿಭಾಗ. ಟೆಕ್ಸಸ್ ವುಮನ್ಸ್ ಯೂನಿವರ್ಸಿಟಿ, ಆರೆಗನ್ ಸ್ಟೇಟ್, ವರ್ಜೀನಿಯಾ ಯೂನಿವರ್ಸಿಟಿ ಇವೆಲ್ಲ ಈ ದಾರಿಯಲ್ಲಿ ಹೆಸರು ಮಾಡಿದವು. ಡೆಂಟನ್‌ನ ಟೆಕ್ಸಸ್ ವುಮನ್ಸ್‌ನಲ್ಲಿ ಕ್ಲಾಡಿನ್ ಶೆರಿಲ್ ದಶಕಗಳ ಕಾಲ ಪಾಠ ಮಾಡಿದರು. ಈ ಕ್ಷೇತ್ರದ ಅನೇಕ ಪ್ರೊಫೆಸರ್‌ಗಳು ಅವರ ಕೈಯಲ್ಲಿ ಕಲಿತವರು. ಕಿನಿಸಿಯಾಲಜಿಯಲ್ಲಿ ನಿಮ್ಮ ಸುತ್ತ ವ್ಯಾಯಾಮ ಶಾಸ್ತ್ರ, ಬಯೋಮೆಕಾನಿಕ್ಸ್, ಚಲನೆಯ ಬೆಳವಣಿಗೆ ಓದುವವರು ಇರುತ್ತಾರೆ. ಅಂಕಿ ಅಂಶದ ಕೋರ್ಸ್‌ಗಳು ಜಾಸ್ತಿ. ಕೆಲಸದ ಜಾಹೀರಾತುಗಳೂ ಹೆಚ್ಚಾಗಿ ಈ ವಿಭಾಗದಿಂದಲೇ ಬರುತ್ತವೆ. ಅವುಗಳಲ್ಲಿ ಒಂದು ಒಳಗುಟ್ಟಿದೆ: ಬರೀ ಅಡಾಪ್ಟೆಡ್ ವಿಷಯಕ್ಕೆ ಅಂತ ಹುದ್ದೆ ಕಡಿಮೆ. ಮಾಮೂಲಿ ಪಿ.ಟಿ. ಟೀಚರ್‌ಗಳ ತರಬೇತಿಯನ್ನೂ ನೋಡಿಕೊಳ್ಳಬೇಕು ಎಂದು ಜೊತೆಗೆ ಸೇರಿಸಿರುತ್ತಾರೆ. ಶಾಲೆಯಲ್ಲಿ ಪಾಠ ಮಾಡಿದ ಅನುಭವ ಕೇಳುತ್ತಾರೆ. ಅದಕ್ಕೇ ಎರಡು ಮೂರು ವರ್ಷವಾದರೂ ಮಕ್ಕಳ ಜೊತೆ ದುಡಿಯದೆ ನೇರ ಡಾಕ್ಟರೇಟಿಗೆ ಹಾರುವವರಿಗೆ ನಾನು ಬೇಡ ಎನ್ನುತ್ತೇನೆ. ಅನೇಕ ಕಾರ್ಯಕ್ರಮಗಳೂ ಸೇರುವಾಗಲೇ ಇದನ್ನು ಕೇಳುತ್ತವೆ.

ಇನ್ನೊಂದು ಮನೆ ವಿಶೇಷ ಶಿಕ್ಷಣ ವಿಭಾಗ. ಇಲ್ಲಿ ಕಾನೂನು, ನಡವಳಿಕೆಯ ವಿಶ್ಲೇಷಣೆ, ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆ, ಕುಟುಂಬದ ಜೊತೆ ಮಾತುಕತೆ ಇವುಗಳಲ್ಲಿ ಪಳಗುತ್ತೀರಿ. ಒಂದೊಂದು ಮಗುವನ್ನೂ ಬಿಡಿಯಾಗಿ ಅಭ್ಯಾಸ ಮಾಡುವ ಸಂಶೋಧನಾ ವಿಧಾನ ಇಲ್ಲಿ ಚೆನ್ನಾಗಿ ಕಲಿಸುತ್ತಾರೆ. ಆದರೆ ಓಟ, ಎಸೆತ, ಸಮತೋಲನದ ಬಗ್ಗೆ ಮಾತಾಡಲು ಜೊತೆಗಾರರು ಸಿಗದೆ ಒಂಟಿ ಅನ್ನಿಸಬಹುದು.

ಮೂರನೆಯದು ಅಡಾಪ್ಟೆಡ್ ಫಿಸಿಕಲ್ ಆಕ್ಟಿವಿಟಿ. ಹೆಸರಿನಲ್ಲಿ ಒಂದು ಪದ ಬೇರೆ, ವ್ಯಾಪ್ತಿ ಮಾತ್ರ ದೊಡ್ಡದು. ಎಜುಕೇಷನ್ ಎಂದರೆ ಶಾಲೆ, ಅಮೆರಿಕದ ಕಾನೂನಿನ ಪ್ರಕಾರ 3ರಿಂದ 21 ವರ್ಷ. ಆಕ್ಟಿವಿಟಿ ಎಂದರೆ ಹುಟ್ಟಿನಿಂದ ಮುಪ್ಪಿನವರೆಗೆ: ಪ್ಯಾರಾ ಕ್ರೀಡೆ, ಪುನರ್ವಸತಿ, ಮನರಂಜನೆ ಎಲ್ಲ. ಯುರೋಪ್ ಮತ್ತು ಕೆನಡಾದಲ್ಲಿ ಈ ಹೆಸರೇ ಹೆಚ್ಚು ಬಳಕೆ. 1973ರಲ್ಲಿ ಕೆನಡಾದಲ್ಲಿ ಹುಟ್ಟಿದ ಈ ಕ್ಷೇತ್ರದ ಅಂತರರಾಷ್ಟ್ರೀಯ ಒಕ್ಕೂಟ ಇಫಾಪಾ ಹೆಸರಿನಲ್ಲೂ ಅದೇ ಪದ. 1984ರಿಂದ ಬರುತ್ತಿರುವ ಮುಖ್ಯ ಜರ್ನಲ್ಲಿನ ಹೆಸರಲ್ಲೂ ಅದೇ. ಸ್ಟ್ರೋಕ್ ಆದ ಹಿರಿಯರು, ಕಾಲು ಕಳೆದುಕೊಂಡ ಅಥ್ಲೀಟ್‌ಗಳು ನಿಮ್ಮ ಆಸಕ್ತಿಯಾದರೆ ಶಾಲೆ ಕೇಂದ್ರಿತ ಕಾರ್ಯಕ್ರಮಕ್ಕೆ ಸೇರಿ ಒದ್ದಾಡಬೇಡಿ.

ಅಟ್ಲಾಂಟಿಕ್‌ನ ಈ ದಡ, ಆ ದಡ

ಅಮೆರಿಕದಲ್ಲಿ ಮೊದಲ ಎರಡು ವರ್ಷ ಕ್ಲಾಸು, ಹೋಮ್‌ವರ್ಕ್, ಪರೀಕ್ಷೆ. ಆಮೇಲೆ ಕಾಂಪ್ರಹೆನ್ಸಿವ್ ಎನ್ನುವ ದೊಡ್ಡ ಪರೀಕ್ಷೆ. ಅದು ಮುಗಿದ ಮೇಲೆ ಥೀಸಿಸ್. ಮಾಸ್ಟರ್ಸ್ ಆದವರಿಗೆ ಒಟ್ಟು ಮೂರರಿಂದ ಐದು ವರ್ಷ. ಯುರೋಪಿನಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್ ಮುಗಿಸಿಯೇ ಬರಬೇಕು. ಬಂದ ದಿನದಿಂದಲೇ ಸಂಶೋಧನೆ ಶುರು, ಕ್ಲಾಸು ಕಡಿಮೆ. ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ.

ನಾರ್ವೆ, ಸ್ವೀಡನ್, ಡೆನ್ಮಾರ್ಕ್, ನೆದರ್‌ಲ್ಯಾಂಡ್ಸ್‌ನಲ್ಲಿ ಪಿಎಚ್.ಡಿ. ಎಂದರೆ ಬಹುಮಟ್ಟಿಗೆ ಒಂದು ನೌಕರಿ. ಸಂಬಳ, ರಜೆ, ಪಿಂಚಣಿ ಲೆಕ್ಕ ಎಲ್ಲ ಇರುತ್ತದೆ. ಸ್ವೀಡನ್‌ನಲ್ಲಿ ನಾಲ್ಕು ವರ್ಷದ ಓದು. ಜೊತೆಗೆ ಐದನೇ ಒಂದು ಭಾಗ ಪಾಠ ಮಾಡುವ ಕೆಲಸ ಸೇರಿಸಿದರೆ ಐದು ವರ್ಷ. ಆದರೆ ಅಲ್ಲಿ ವಿಷಯವನ್ನು ಬಹಳ ಸಲ ಅವರೇ ನಿಗದಿ ಮಾಡಿರುತ್ತಾರೆ. ಯೋಜನೆ ಅವರದ್ದು, ಅದಕ್ಕೆ ಕೆಲಸಗಾರ ಬೇಕು ಎಂದು ಜಾಹೀರಾತು ಹಾಕುತ್ತಾರೆ. ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿದೆ, ಅದನ್ನೇ ಬಿಡಿಸಬೇಕು ಅನ್ನುವವರಿಗೆ ಅಮೆರಿಕದ ಪದ್ಧತಿ ಹೆಚ್ಚು ಜಾಗ ಕೊಡುತ್ತದೆ. ಎರಡು ವರ್ಷ ಕ್ಲಾಸಿನಲ್ಲಿ ಕೂತು ಪ್ರಶ್ನೆಯನ್ನು ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಪ್ರಶ್ನೆ ಇನ್ನೂ ಇಲ್ಲ, ಒಳ್ಳೆಯ ತಂಡದಲ್ಲಿ ಕಲಿಯಬೇಕು ಅನ್ನುವವರಿಗೆ ಯುರೋಪಿನ ಸಂಬಳದ ಜಾಗ ಒಳ್ಳೆಯದು.

ಥೀಸಿಸ್ ರೂಪದಲ್ಲೂ ವ್ಯತ್ಯಾಸ ಇದೆ. ಯುರೋಪಿನಲ್ಲಿ ಜರ್ನಲ್ ಲೇಖನಗಳನ್ನು ಸೇರಿಸಿ, ಮುಂದೆ ಒಂದು ಪೀಠಿಕೆ ಬರೆದು ಕೊಡುವುದು ಸಾಮಾನ್ಯ. ಅಮೆರಿಕದಲ್ಲಿ ಐದು ಅಧ್ಯಾಯದ ಹಳೇ ಪದ್ಧತಿಯೂ ಇದೆ, ಮೂರು ಲೇಖನಗಳ ಪದ್ಧತಿಯೂ ಇದೆ. ಕೇಳಿದರೆ ಮೂರು ಲೇಖನದ್ದನ್ನೇ ಆರಿಸಿ ಎನ್ನುತ್ತೇನೆ. ಓದು ಮುಗಿಯುವಾಗ ಕೈಯಲ್ಲಿ ಪ್ರಕಟಣೆಗೆ ಸಿದ್ಧ ಬರಹ ಇರುತ್ತದೆ. ಐದು ಅಧ್ಯಾಯದ ಥೀಸಿಸ್ ಕಪಾಟಿನಲ್ಲಿ ಧೂಳು ತಿನ್ನುವುದೇ ಹೆಚ್ಚು.

ಯುರೋಪಿನ ದಾರಿ ಹಿಡಿಯುವವರಿಗೆ ಬೆಲ್ಜಿಯಂನ ಕೆ.ಯು. ಲ್ಯೂವೆನ್ ನಡೆಸಿಕೊಂಡು ಬಂದ, ಅಡಾಪ್ಟೆಡ್ ಫಿಸಿಕಲ್ ಆಕ್ಟಿವಿಟಿಯ ಎರಾಸ್ಮಸ್ ಮುಂಡಸ್ (ಯುರೋಪಿಯನ್ ಒಕ್ಕೂಟದ ನೆರವಿನ) ಮಾಸ್ಟರ್ಸ್ ಒಂದು ಒಳ್ಳೆಯ ಮೆಟ್ಟಿಲಾಗಿದೆ. ಬೇರೆ ಬೇರೆ ದೇಶಗಳಿಂದ ಬಂದವರು ಅಲ್ಲಿ ಓದಿ, ಆಮೇಲೆ ಯುರೋಪಿನ ಹಲವು ಕಡೆ ಪಿಎಚ್.ಡಿ.ಗೆ ಸೇರಿದ್ದಾರೆ.

ಹಣದ ಮಾತು

ಸ್ವಂತ ಹಣ ಹಾಕಿ ಪೂರ್ಣಾವಧಿ ಪಿಎಚ್.ಡಿ. ಮಾಡಬೇಡಿ. ಈ ಕ್ಷೇತ್ರದಲ್ಲಿ ಮುಂದೆ ಸಿಗುವ ಸಂಬಳ ಅಂಥ ಸಾಲ ತೀರಿಸುವಷ್ಟು ದೊಡ್ಡದಲ್ಲ. ಸೀಟು ಕೊಟ್ಟು ಹಣ ಕೊಡದ ಯೂನಿವರ್ಸಿಟಿ ನಿಮಗೆ ಬಾಗಿಲು ಅರ್ಧ ಮಾತ್ರ ತೆರೆದಿದೆ ಎಂದು ತಿಳಿಯಿರಿ.

ಅಮೆರಿಕದಲ್ಲಿ ಹಣ ಬರುವುದು ಮುಖ್ಯವಾಗಿ ಎರಡು ಕಡೆಯಿಂದ. ಒಂದು, ಮೇಲೆ ಹೇಳಿದ ಕೇಂದ್ರ ಸರ್ಕಾರದ ಗ್ರಾಂಟ್. ಶಿಕ್ಷಣ ಇಲಾಖೆಯ ವಿಶೇಷ ಶಿಕ್ಷಣ ವಿಭಾಗ ಯೂನಿವರ್ಸಿಟಿಗೆ ಹಣ ಕೊಡುತ್ತದೆ, ಯೂನಿವರ್ಸಿಟಿ ಕೆಲವೇ ವಿದ್ಯಾರ್ಥಿಗಳನ್ನು ಆರಿಸಿ ಫೀಸು, ಸ್ಟೈಪೆಂಡ್ ನೋಡಿಕೊಳ್ಳುತ್ತದೆ. ಕೇಳಲು ಸೊಗಸು. ಆದರೆ ಋಣ ಇದೆ. ಹಣ ಪಡೆದ ಒಂದೊಂದು ವರ್ಷಕ್ಕೂ ಎರಡೆರಡು ವರ್ಷ ಈ ಕ್ಷೇತ್ರದಲ್ಲೇ ದುಡಿಯಬೇಕು. ನಾಲ್ಕು ವರ್ಷ ಪಡೆದರೆ ಎಂಟು ವರ್ಷ. ತಪ್ಪಿದರೆ ಅದು ಸಾಲವಾಗಿ ನಿಮ್ಮ ತಲೆಗೇ ಬರುತ್ತದೆ. ಹೇಗೂ ಇದೇ ಕ್ಷೇತ್ರದಲ್ಲಿ ಇರುವವರಿಗೆ ಇದು ಹೊರೆಯೇನಲ್ಲ. ಮನಸ್ಸು ಇನ್ನೂ ಗಟ್ಟಿಯಾಗದವರು ಸಹಿ ಹಾಕುವ ಮುಂಚೆ ಒಂದು ವಾರ ಯೋಚಿಸಲಿ.

ಇನ್ನೂ ಎರಡು ವಿಷಯ. ಇದು ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಉದ್ದೇಶಿಸಿದ ಹಣ. ಸ್ಟೂಡೆಂಟ್ ವೀಸಾದಲ್ಲಿ ಹೋಗುವವರು ಇದನ್ನು ನಂಬಿ ಲೆಕ್ಕ ಹಾಕುವ ಹಾಗಿಲ್ಲ. ವೆಬ್‌ಸೈಟಿನಲ್ಲಿ ಪೂರ್ತಿ ನೆರವು ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ, ಈ ಷರತ್ತು ಕೆಳಗೆಲ್ಲೋ ಸಣ್ಣಗೆ ಇರುತ್ತದೆ. ಎರಡನೆಯದು, ಇಂಥ ಗ್ರಾಂಟ್ ಸಾಮಾನ್ಯವಾಗಿ ಐದು ವರ್ಷದ್ದು. ನೀವು ಸೇರುವಾಗ ಅದರ ಎಷ್ಟನೇ ವರ್ಷ ನಡೆಯುತ್ತಿದೆ ಕೇಳಿ. ಮೂರನೇ ವರ್ಷದಲ್ಲಿ ಸೇರಿದರೆ ನಿಮ್ಮ ಕೊನೆಯ ವರ್ಷದ ಖರ್ಚು ಯಾರದ್ದು? ಈ ಪ್ರಶ್ನೆ ಕೇಳಲು ನಾಚಿಕೆ ಬೇಡ.

ಹಣ ಬರುವ ಇನ್ನೊಂದು ದಾರಿ ಅಸಿಸ್ಟೆಂಟ್‌ಶಿಪ್. ವಾರಕ್ಕೆ 20 ಗಂಟೆ ಪಾಠ ಅಥವಾ ಸಂಶೋಧನೆಯ ಕೆಲಸ. ಬದಲಿಗೆ ಫೀಸು ಮಾಫಿ, ಜೊತೆಗೆ ಸ್ಟೈಪೆಂಡ್. ವಿದೇಶಿ ವಿದ್ಯಾರ್ಥಿಗಳಿಗೆ ದಕ್ಕುವುದು ಇದೇ, ವೀಸಾ ನಿಯಮದಲ್ಲೂ ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆಯೇ ಮಿತಿ. ಎರಡು ಕಡೆಯ ಆಫರ್ ಹೋಲಿಸುವಾಗ ಸ್ಟೈಪೆಂಡ್ ಮೊತ್ತ ಒಂದನ್ನೇ ನೋಡಬೇಡಿ. ಅದು ಒಂಬತ್ತು ತಿಂಗಳದ್ದಾ, ಹನ್ನೆರಡರದ್ದಾ? ಬೇಸಿಗೆಯಲ್ಲಿ ಏನು ಮಾಡುವುದು? ಆರೋಗ್ಯ ವಿಮೆ ಸೇರಿದೆಯಾ? ಫೀಸು ಮಾಫಿ ಆದ ಮೇಲೂ ಉಳಿಯುವ ಇತರ ಶುಲ್ಕ ಎಷ್ಟು? ಮತ್ತೆ, ಏನು ಪಾಠ ಮಾಡಿಸುತ್ತಾರೆ? ನಾಲ್ಕು ವರ್ಷ ಬರೀ ಬ್ಯಾಡ್ಮಿಂಟನ್ ಕ್ಲಾಸ್ ನಡೆಸಿದವರಿಗಿಂತ ಅಡಾಪ್ಟೆಡ್ ವಿಷಯದ ಕೋರ್ಸನ್ನೇ ಕಲಿಸಿದವರಿಗೆ ಕೆಲಸದ ಸಂದರ್ಶನದಲ್ಲಿ ಹೇಳಿಕೊಳ್ಳಲು ಹೆಚ್ಚು ಇರುತ್ತದೆ.

ಗೈಡ್ ಯಾರು?

ಇಷ್ಟೆಲ್ಲ ಹೇಳಿದ ಮೇಲೂ, ಡಿಗ್ರಿ, ವಿಭಾಗ, ದೇಶ, ಹಣ ನಾಲ್ಕನ್ನೂ ತಕ್ಕಡಿಯ ಒಂದು ಕಡೆ ಇಟ್ಟು ಇನ್ನೊಂದು ಕಡೆ ಗೈಡ್ ಒಬ್ಬರನ್ನೇ ಇಟ್ಟರೆ ನನ್ನ ತಕ್ಕಡಿ ಗೈಡ್ ಕಡೆಗೇ ವಾಲುತ್ತದೆ. ಇದು ಎಲ್ಲ ಪಿಎಚ್.ಡಿ.ಗೂ ಹೇಳುವ ಮಾತಲ್ವಾ ಅನ್ನಬಹುದು. ಇಲ್ಲಿ ಅದಕ್ಕೆ ಬೇರೆಯೇ ತೂಕ ಇದೆ, ಯಾಕೆಂದರೆ ಇದು ಚಿಕ್ಕ ಕ್ಷೇತ್ರ. ಒಂದು ಯೂನಿವರ್ಸಿಟಿಯಲ್ಲಿ ಈ ವಿಷಯದ ಪ್ರೊಫೆಸರ್ ಒಬ್ಬರೋ ಇಬ್ಬರೋ ಇರುತ್ತಾರೆ. ಆ ಒಬ್ಬರು ನಿವೃತ್ತರಾದರೆ, ಬೇರೆ ಕಡೆ ಹೋದರೆ, ನಿಮ್ಮ ಕಾರ್ಯಕ್ರಮವೇ ಮಾಯ. ಇಬ್ಬರು ಪ್ರೊಫೆಸರ್ ಇರುವ ಜಾಗ, ಒಬ್ಬರೇ ಇರುವ ಹೆಸರಾಂತ ಜಾಗಕ್ಕಿಂತ ಭದ್ರ.

ಇನ್ನೊಂದು ಕಾರಣ ಮಕ್ಕಳು. ಸಂಶೋಧನೆಗೆ ಮಕ್ಕಳು ಬೇಕು, ಅವರು ಸುಲಭಕ್ಕೆ ಸಿಗುವುದಿಲ್ಲ. ಕಾಲೇಜು ವಿದ್ಯಾರ್ಥಿಗಳ ಮೇಲೆ ಅಧ್ಯಯನ ಮಾಡುವವರು ಒಂದು ವಾರದಲ್ಲಿ ಇನ್ನೂರು ಜನರನ್ನು ಸೇರಿಸಬಹುದು. ಡೌನ್ ಸಿಂಡ್ರೋಮ್ ಇರುವ ಒಂದೇ ವಯಸ್ಸಿನ ಇಪ್ಪತ್ತು ಮಕ್ಕಳನ್ನು ಒಂದು ಊರಿನಲ್ಲಿ ಹುಡುಕಿ ನೋಡಿ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಶಾಲೆಯ ಒಪ್ಪಿಗೆ ಬೇಕು, ಅಪ್ಪ ಅಮ್ಮನ ಸಹಿ ಬೇಕು, ಕೊನೆಗೆ ಮಗುವೂ ಹೂಂ ಅನ್ನಬೇಕು. ಅಷ್ಟಾದ ಮೇಲೆ ಆ ದಿನ ಮಗುವಿಗೆ ಜ್ವರ.

ಅಮೆರಿಕದ ಸಂಶೋಧಕ ಡೇಲ್ ಉಲ್ರಿಚ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಡೌನ್ ಸಿಂಡ್ರೋಮ್ ಇರುವ 30 ಕೂಸುಗಳು. ಅರ್ಧ ಕೂಸುಗಳಿಗೆ ಮನೆಯಲ್ಲೇ ಪುಟ್ಟ ಟ್ರೆಡ್‌ಮಿಲ್ ಮೇಲೆ ದಿನಕ್ಕೆ 8 ನಿಮಿಷ, ವಾರಕ್ಕೆ 5 ದಿನ ಹೆಜ್ಜೆ ಹಾಕಿಸಿದರು, ಅದನ್ನು ಮಾಡಿಸಿದವರು ಅಪ್ಪ ಅಮ್ಮಂದಿರೇ. ಆ ಕೂಸುಗಳು ಉಳಿದವರಿಗಿಂತ ಸರಾಸರಿ 101 ದಿನ ಮೊದಲೇ ತಾವಾಗಿ ನಡೆದವು. ಕ್ಷೇತ್ರದಲ್ಲಿ ಇಂದಿಗೂ ಮಾತಾಡುವ ಕೆಲಸ ಇದು, ಇದ್ದದ್ದು 30 ಕೂಸುಗಳು ಮಾತ್ರ. ಆ ಮೂವತ್ತು ಮನೆಗಳ ಬಾಗಿಲು ತೆರೆಸಲು ಬೇಕಾದ ನಂಬಿಕೆಯನ್ನು ಹೊಸ ವಿದ್ಯಾರ್ಥಿ ಒಬ್ಬನೇ ನಾಲ್ಕು ವರ್ಷದಲ್ಲಿ ಗಳಿಸಲಾರ. ಅದು ಗೈಡ್ ಹತ್ತಿರ ಮೊದಲೇ ಇರಬೇಕು.

ಹಾಗಾಗಿ ಗೈಡ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ಮಕ್ಕಳು ಎಲ್ಲಿಂದ ಬರುತ್ತಾರೆ? ಕೆಲವು ಕಡೆ ಕ್ಯಾಂಪಸ್ಸಿಗೇ ಮಕ್ಕಳು ಬರುತ್ತಾರೆ. ಆರೆಗನ್ ಸ್ಟೇಟ್‌ನ ಇಂಪ್ಯಾಕ್ಟ್ ಕಾರ್ಯಕ್ರಮದಲ್ಲಿ ಅಂಗವೈಕಲ್ಯ ಇರುವ ಮಕ್ಕಳ ಜೊತೆ ಕಾಲೇಜು ವಿದ್ಯಾರ್ಥಿಗಳು ಜೋಡಿಯಾಗಿ ಆಡುತ್ತಾರೆ, ಈಜುತ್ತಾರೆ. ನ್ಯೂಯಾರ್ಕ್ ರಾಜ್ಯದ ಬ್ರಾಕ್‌ಪೋರ್ಟ್‌ನಲ್ಲಿ ಲಾರೆನ್ ಲೀಬರ್‌ಮನ್ 1996ರಲ್ಲಿ ಶುರು ಮಾಡಿದ ಕ್ಯಾಂಪ್ ಎಬಿಲಿಟೀಸ್ ದೃಷ್ಟಿದೋಷ ಇರುವ ಮಕ್ಕಳ ಕ್ರೀಡಾ ಶಿಬಿರ. ಅಂಥ ಒಂದೊಂದು ಶಿಬಿರದಿಂದ ಎಷ್ಟೋ ಅಧ್ಯಯನಗಳು ಹುಟ್ಟಿವೆ. ಇಂಥ ಏರ್ಪಾಡು ಇರುವ ಕಡೆ ನಿಮ್ಮ ಎರಡನೇ ವರ್ಷಕ್ಕೇ ಡೇಟಾ ಕೈಗೆ ಬರಬಹುದು. ಇಲ್ಲದ ಕಡೆ ನಾಲ್ಕನೇ ವರ್ಷದಲ್ಲೂ ಶಾಲೆಗಳಿಗೆ ಫೋನ್ ಮಾಡುತ್ತಾ ಕೂತಿರುತ್ತೀರಿ.

ಎರಡನೇ ಪ್ರಶ್ನೆ ವಿಧಾನದ್ದು. ಗೈಡ್ ಯಾವ ವಿಧಾನದಲ್ಲಿ ಪಳಗಿದ್ದಾರೋ ನೀವು ಬಹುಮಟ್ಟಿಗೆ ಅದರಲ್ಲೇ ಪಳಗುತ್ತೀರಿ. ಕೆಲವರು ಅಳತೆಯವರು. ಮಕ್ಕಳ ಚಲನೆಯ ಕೌಶಲ ಅಳೆಯಲು ಉಲ್ರಿಚ್ ಅವರೇ ರೂಪಿಸಿದ ಟಿ.ಜಿ.ಎಂ.ಡಿ. ಪರೀಕ್ಷೆಯನ್ನು ನೋಡಿ. ಮೊದಲ ಆವೃತ್ತಿ 1985ರದ್ದು. ಮೂರನೆಯದರಲ್ಲಿ 13 ಕೌಶಲಗಳಿವೆ: ಓಟ, ಕುಪ್ಪಳಿಸುವುದು, ಎಸೆತ, ಒದೆತ ಇತ್ಯಾದಿ. ಪ್ರತಿ ಕೌಶಲವನ್ನೂ ವಿಡಿಯೋದಲ್ಲಿ ನೋಡಿ ಮೊಣಕೈ ಮಡಿಸಿತಾ, ಎದುರು ಕಾಲು ಮುಂದಿಟ್ಟಿತಾ ಎಂದು ಅಂಕ ಹಾಕಬೇಕು. ಇಬ್ಬರು ಬೇರೆ ಬೇರೆ ಕೂತು ನೋಡಿ ಅಂಕ ಹೊಂದಬೇಕು. ತಾಳ್ಮೆ ಬೇಡುವ ಕೆಲಸ. ಕೆಲವರಿಗೆ ಖುಷಿ, ಕೆಲವರಿಗೆ ಶಿಕ್ಷೆ.

ಇನ್ನು ಕೆಲವರು ಮೂರೋ ನಾಲ್ಕೋ ಮಕ್ಕಳನ್ನು ಮಾತ್ರ ತೆಗೆದುಕೊಂಡು, ಹೊಸ ಪಾಠ ಶುರುವಾಗುವ ಮುಂಚೆ ಹೇಗಿದ್ದರು, ಆಮೇಲೆ ಹೇಗಾದರು ಎಂದು ದಿನದಿನವೂ ಅಳೆಯುತ್ತಾರೆ. ಒಬ್ಬ ಮಗುವಿಗೆ ಈ ವಾರ, ಇನ್ನೊಬ್ಬನಿಗೆ ಮುಂದಿನ ವಾರ ಹೀಗೆ ಬಿಟ್ಟು ಬಿಟ್ಟು ಪಾಠ ಶುರು ಮಾಡಿದರೆ, ಬದಲಾವಣೆ ಪಾಠದಿಂದಲೇ ಬಂತು ಎಂದು ಧೈರ್ಯವಾಗಿ ಹೇಳಬಹುದು. ಮಕ್ಕಳು ಕಡಿಮೆ ಸಿಗುವ ನಮ್ಮಂಥ ಕ್ಷೇತ್ರಕ್ಕೆ ಹೇಳಿ ಮಾಡಿಸಿದ ವಿಧಾನ ಇದು. ಇನ್ನೊಂದು ಗುಂಪು ಕೂತು ಮಾತಾಡಿಸುವವರದ್ದು. ವೀಲ್‌ಚೇರಿನ ಆ ಹುಡುಗನಿಗೆ ಸ್ಕೋರ್ ಬರೆಯುವಾಗ ಏನನ್ನಿಸಿತು? ಇದನ್ನು ಯಾವ ಟೇಪಿನಿಂದಲೂ ಅಳೆಯಲಾಗದು, ಅವನನ್ನೇ ಕೇಳಬೇಕು. ಅಂಗವೈಕಲ್ಯ ಇರುವವರೇ ಸಂಶೋಧಕರಾಗಿ ಬರುತ್ತಿರುವುದರಿಂದ ಈ ದಾರಿಗೆ ಈಗ ಹೊಸ ಬಲ ಬಂದಿದೆ. ನೀವೇ ವೀಲ್‌ಚೇರ್ ಬಳಸುವವರಾದರೆ ಅರ್ಜಿ ಹಾಕುವ ಮುಂಚೆ ಕ್ಯಾಂಪಸ್ಸಿಗೆ ಒಮ್ಮೆ ಹೋಗಿ ಬನ್ನಿ. ಎಲ್ಲರೂ ಆಡಬೇಕು ಎಂದು ಪಾಠ ಮಾಡುವ ವಿಭಾಗದ ಲಿಫ್ಟ್ ಕೆಟ್ಟು ನಿಂತಿರುವುದೂ ಉಂಟು.

ಮೂರನೇ ಪ್ರಶ್ನೆಯನ್ನು ಗೈಡ್‌ಗೆ ಕೇಳಬೇಡಿ, ಅವರ ವಿದ್ಯಾರ್ಥಿಗಳಿಗೆ ಕೇಳಿ. ಬರೆದದ್ದನ್ನು ಎಷ್ಟು ದಿನದಲ್ಲಿ ತಿದ್ದಿ ಕೊಡುತ್ತಾರೆ? ಲೇಖನದಲ್ಲಿ ಯಾರ ಹೆಸರು ಮೊದಲು ಬರುತ್ತದೆ? ಅರ್ಧಕ್ಕೆ ಬಿಟ್ಟು ಹೋದವರು ಯಾರಾದರೂ ಇದ್ದಾರಾ, ಯಾಕೆ? ಮುಗಿಸಿದವರು ಈಗ ಎಲ್ಲಿದ್ದಾರೆ? ಎರಡು ಫೋನ್ ಕರೆ ಸಾಕು, ವೆಬ್‌ಸೈಟ್ ಹೇಳದ್ದೆಲ್ಲ ತಿಳಿಯುತ್ತದೆ.

ಪೂರ್ಣಾವಧಿ, ಅರೆಕಾಲಿಕ, ಆನ್‌ಲೈನ್

ಇಲ್ಲಿ ಹೆಚ್ಚು ಹೇಳುವುದಿಲ್ಲ. ಪ್ರೊಫೆಸರ್ ಆಗಬೇಕಾದರೆ ಪೂರ್ಣಾವಧಿ, ಕ್ಯಾಂಪಸ್ಸಿನಲ್ಲೇ ಇದ್ದು. ಗೈಡ್ ಜೊತೆ ಕಾರಿಡಾರಿನಲ್ಲಿ ಆಡುವ ಮಾತಿನಲ್ಲೇ ಅರ್ಧ ವಿದ್ಯೆ ಬರುತ್ತದೆ. ಈಗಾಗಲೇ ಶಾಲೆಯಲ್ಲಿ ಕೆಲಸದಲ್ಲಿದ್ದು, ಅಲ್ಲೇ ಮೇಲಕ್ಕೆ ಹೋಗಬೇಕಾದವರಿಗೆ ಅರೆಕಾಲಿಕ ಅಥವಾ ಆನ್‌ಲೈನ್ ಎಡ್.ಡಿ. ಸರಿ. ಅವರಿಗೆ ಮಕ್ಕಳು ಮೊದಲೇ ಕೈಯಳತೆಯಲ್ಲಿ ಇರುತ್ತಾರೆ, ಅದು ದೊಡ್ಡ ಅನುಕೂಲ. ಆದರೆ ಅರೆಕಾಲಿಕ ಎಂದರೆ ಅರ್ಧ ಕಷ್ಟ ಅಲ್ಲ, ಅದೇ ಕಷ್ಟ ಎರಡು ಪಟ್ಟು ದಿನ. ವಿದೇಶದಿಂದ ಅಮೆರಿಕಕ್ಕೆ ಹೋಗಿ ಓದಬೇಕೆನ್ನುವವರು ಇದೂ ನೆನಪಿಡಬೇಕು: ಪೂರ್ತಿ ಆನ್‌ಲೈನ್ ಕೋರ್ಸಿಗೆ ಸ್ಟೂಡೆಂಟ್ ವೀಸಾ ಸಿಗುವುದಿಲ್ಲ.

ಯಾರಿಗೆ ಯಾವುದು?

ಐದಾರು ವರ್ಷ ಶಾಲೆಯಲ್ಲಿ ದುಡಿದವರು, ಟೀಚರ್‌ಗಳಿಗೆ ಕಲಿಸುವ ಹಂಬಲ, ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದೆ: ಕಿನಿಸಿಯಾಲಜಿಯಲ್ಲಿ ಪಿಎಚ್.ಡಿ., ಗ್ರಾಂಟ್ ನಡೆಯುತ್ತಿರುವ ಕಡೆ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಅದೇ ಹಂಬಲ, ಆದರೆ ವಿದೇಶಿ ವಿದ್ಯಾರ್ಥಿ: ಅಸಿಸ್ಟೆಂಟ್‌ಶಿಪ್ ಖಾತ್ರಿ ಇರುವ ಅಮೆರಿಕದ ಜಾಗ, ಇಲ್ಲವೇ ಸಂಬಳದ ಯುರೋಪಿನ ಜಾಗ. ಎರಡೂ ಸಿಕ್ಕರೆ ಗೈಡ್ ನೋಡಿ ಆರಿಸಿ. ಅಮೆರಿಕದಲ್ಲಿ ಕಲಿತ ಕಾನೂನಿನ ಪಾಠ ಬೇರೆ ದೇಶದಲ್ಲಿ ಅಷ್ಟು ಕೆಲಸಕ್ಕೆ ಬಾರದು, ಸಂಶೋಧನಾ ವಿಧಾನ ಮಾತ್ರ ಎಲ್ಲಿಗೂ ಹೊಂದುತ್ತದೆ.

ಪ್ಯಾರಾ ಕ್ರೀಡೆ ಅಥವಾ ದೊಡ್ಡವರ ಪುನರ್ವಸತಿ: ಅಡಾಪ್ಟೆಡ್ ಫಿಸಿಕಲ್ ಆಕ್ಟಿವಿಟಿ, ಯುರೋಪ್ ಅಥವಾ ಕೆನಡಾ. ಎಡ್ಮಂಟನ್‌ನ ಅಲ್ಬರ್ಟಾ ಯೂನಿವರ್ಸಿಟಿಯ ಸ್ಟೆಡ್‌ವರ್ಡ್ ಸೆಂಟರ್ ನೋಡಿ. ಅಂಗವೈಕಲ್ಯ ಇರುವವರು ಅಲ್ಲಿ ವ್ಯಾಯಾಮಕ್ಕೆ ಬರುತ್ತಾರೆ, ಸಂಶೋಧನೆಯೂ ಅದರ ಪಕ್ಕದಲ್ಲೇ ನಡೆಯುತ್ತದೆ.

ಡಿಗ್ರಿ ಆದ ಮೇಲೆ ಸಂಬಳ ಏರುತ್ತದೆ ಅನ್ನುವುದೊಂದೇ ಕಾರಣವಾದರೆ, ಇರುವ ಜಾಗದಲ್ಲೇ ಅರೆಕಾಲಿಕ ಎಡ್.ಡಿ. ಅದರಲ್ಲೇನೂ ತಪ್ಪಿಲ್ಲ, ಆದರೆ ಅದಕ್ಕಾಗಿ ಊರು ಬಿಡಬೇಡಿ.

ಅರ್ಜಿ ಹಾಕುವ ಮುಂಚೆ

ಸೇರಬೇಕೆಂದಿರುವ ವರ್ಷಕ್ಕೆ ಒಂದು ವರ್ಷ ಮೊದಲೇ ಗೈಡ್‌ಗೆ ಮೇಲ್ ಬರೆಯಿರಿ. ಉದ್ದ ಬೇಡ. ಅವರ ಒಂದು ಲೇಖನ ನಿಜವಾಗಿಯೂ ಓದಿ, ಅದರಲ್ಲಿ ನಿಮಗೆ ಹೊಳೆದ ಒಂದು ಪ್ರಶ್ನೆ ಕೇಳಿ. ನೀವು ಯಾವ ಮಕ್ಕಳ ಜೊತೆ ಎಷ್ಟು ವರ್ಷ ಕೆಲಸ ಮಾಡಿದ್ದೀರಿ ಎಂದು ಎರಡು ಸಾಲು. ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂದು ಒಂದು ಸಾಲು. ಬಾಲ್ಯದಿಂದಲೂ ಕ್ರೀಡೆ ಎಂದರೆ ನನಗೆ ಪ್ರಾಣ ಎಂದು ಶುರು ಮಾಡಬೇಡಿ, ಆ ಸಾಲನ್ನು ಅವರು ಸಾವಿರ ಸಲ ಓದಿರುತ್ತಾರೆ. ಎರಡು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ. ಆಗಲೂ ಬರದಿದ್ದರೆ, ನಾಳೆ ನಿಮ್ಮ ಥೀಸಿಸ್ ಅಧ್ಯಾಯಕ್ಕೂ ಅದೇ ಗತಿ ಅಂದುಕೊಂಡು ಮುಂದಿನ ಹೆಸರಿಗೆ ಹೋಗಿ.

ಅಮೆರಿಕದ ಆಫರ್ ಬಂದರೆ ತಕ್ಷಣ ಹೂಂ ಅನ್ನಬೇಕು ಎಂದು ಒತ್ತಾಯ ಮಾಡುವವರು ಇರುತ್ತಾರೆ. ಹಣದ ನೆರವಿನ ಆಫರ್‌ಗೆ ಉತ್ತರ ಕೊಡಲು ಏಪ್ರಿಲ್ 15ರವರೆಗೆ ಸಮಯ ಕೊಡಬೇಕು ಎಂದು ಅಲ್ಲಿನ ಬಹುಪಾಲು ಯೂನಿವರ್ಸಿಟಿಗಳು ಸೇರಿ ಒಪ್ಪಿಕೊಂಡಿವೆ. ಆ ದಿನದವರೆಗೂ ಬೇರೆ ಕಡೆಯ ಉತ್ತರಕ್ಕೆ ಕಾಯಬಹುದು. ಅಷ್ಟರಲ್ಲಿ ಆ ಎರಡು ಫೋನ್ ಕರೆಗಳನ್ನೂ ಮಾಡಿ ಮುಗಿಸಿ.